ಹಡಗು ಹೊರಡುವ ಮುನ್ನ ಅಪ್ಪ ಮಾಡಿದ ಕ್ಷೌರ

ಅಕ್ಕಾ,

ನದಿ ದಂಡೆಯ ಹಳೇ ಊರು ನೋಡಿಬನ್ನಿ ಎಂದು ಹಡಗಿನವರು ಇವತ್ತು ಅರ್ಧ ದಿನ ಇಳಿಸಿದ್ದರು. ಅಲ್ಲಿನ ಅರಮನೆ ನೋಡಿ ಹೊರಬಂದರೆ ಅಪ್ಪ ಇಲ್ಲ! ಹಡಗು ಹೊರಡಲು ಅರ್ಧ ಗಂಟೆಯಷ್ಟೇ ಇತ್ತು. ಗಲ್ಲಿಗಲ್ಲಿ ಹುಡುಕಿದೆ, ಕೊನೆಗೆ ಕ್ಷೌರದಂಗಡಿಯೊಂದರಲ್ಲಿ ಸಿಕ್ಕರು. ಕೈ ನಡುಗುತ್ತದೆಂದು ತಮ್ಮ ಅಂಗಡಿಯನ್ನೇ ಮುಚ್ಚಿದ ನಮ್ಮಪ್ಪ, ಅಲ್ಲಿನ ಮುದುಕ ಕ್ಷೌರಿಕನನ್ನೇ ಕುರ್ಚಿಯಲ್ಲಿ ಕೂರಿಸಿ ಅವನ ಗಂಟಲ ಮೇಲೆ ಕತ್ತಿ ಆಡಿಸುತ್ತಿದ್ದರು!

“ಅಪ್ಪಾ, ಹಡಗು ಹೋಗುತ್ತೆ!” ಎಂದೆ.

“ಅರ್ಧ ಗಡ್ಡ ಬಿಟ್ಟು ಬರೋಕಾಗುತ್ತೇನೋ? ಸುಮ್ನೆ ನಿಂತ್ಕೋ” ಎಂದರು.

ಒಂದು ಗೀರೂ ಬೀಳಲಿಲ್ಲ. ಹತ್ತುವ ಹಲಗೆ ಎಳೆದುಕೊಳ್ಳುವ ಹೊತ್ತಿಗೆ ಓಡಿಬಂದು ಹಡಗು ಸೇರಿದೆವು. ನಡುಕಕ್ಕೆ ಕೊಟ್ಟ ಬೆಳಗಿನ ಮಾತ್ರೆಯನ್ನೂ ಮರೆತಿದ್ದರಂತೆ, ಈಗ ಕೊಟ್ಟೆ, ಮಲಗಿದ್ದಾರೆ. ಅವರ ಕತ್ತಿ ಪೆಟ್ಟಿಗೆಯನ್ನು ಗುಜರಿಯವನಿಗೆ ಹಾಕಿಬಿಡು ಎಂದಿದ್ದೆನಲ್ಲ, ಹಾಕಿದ್ದರೆ ಈ ಕಾರ್ಡು ಕೈಸೇರಿದ ಕೂಡಲೇ ಹೋಗಿ ವಾಪಸ್ ತಾ.

ನಿನ್ನ ತಮ್ಮ