ತಲೆ ಬಾಚದ ದಿನದ ಮೆಮೊರಿ ಕಾರ್ಡು

ಫೆಬ್ರವರಿ ಮೂವತ್ತು, ೨೧೧೯
ಹೆಣ್ಣುಮಕ್ಕಳ ಹಾಸ್ಟೆಲು, ಗದಗ

ಮಹಾನಂದಾ ಅಜ್ಜಿಯವರಿಗೆ,

ತಾರೀಖು ತಪ್ಪಲ್ಲ, ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ನೀವು ನನ್ನ ಅಜ್ಜಿಯ ಮುತ್ತಜ್ಜಿ. ಹಾಗಿದ್ದರೆ ಏನೆಂದು ಕರೆಯಬೇಕೋ ಗೊತ್ತಿಲ್ಲ. ಚಿಕ್ಕಂದಿನಿಂದ ಹಾಸ್ಟೆಲುಗಳಲ್ಲೇ ಓದಿ ಬೆಳೆದವಳು, ಸಂಬಂಧಗಳ ಹೆಸರು ನನಗೆ ಅಷ್ಟಕ್ಕಷ್ಟೆ. ನಡುನಡುವೆ ಇಂಗ್ಲಿಷ್ ನುಗ್ಗಿದರೆ ಸಾರಿ. ಹಿನ್ನಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲಿನಲ್ಲಿ, ಫಸ್ಟ್ ಇಯರ್‌ನವರಿಗೆ ಒಂದೇ ಪತ್ರ. ತಲುಪಿತೋ ಇಲ್ಲವೋ ಯಾರೂ ಹೇಳುವುದಿಲ್ಲ. ನೀವು ಕ್ಯಾಮೆರಾ ಅಂಗಡಿಗೆ ಹೊರಡುವ ಮುಂಚೆ ಇದು ಸಿಗಲಿ, ಅಷ್ಟೆ.

ನಮ್ಮ ಮೆಸ್ಸಿನ ಬಾಗಿಲ ಪಕ್ಕ ಮುಖಗೋಡೆ ಇದೆ. ಹೊಸದಾಗಿ ಸೇರಿದ ಹುಡುಗಿ ತನ್ನ ಮನೆತನದ ಹಿರಿಯರೊಬ್ಬರ ಮುಖವನ್ನು ಅಲ್ಲಿ ತೂಗುಹಾಕಬೇಕು. ಮುಖ ಸಿಗದವಳು ಖಾಲಿ ಚೌಕಟ್ಟು ಹಾಕುತ್ತಾಳೆ. ಕೋರ್ಸು ಮುಗಿಯುವ ತನಕ ಊಟದ ಕ್ಯೂನಲ್ಲಿ ಅವಳನ್ನು 'ಖಾಲಿ' ಎಂದೇ ಕರೆಯುತ್ತಾರೆ. ನಿಮ್ಮ ಕಾಲದವರು ಕಂಪನಿಗಳ ಹತ್ತಿರ ಇಟ್ಟ ಫೋಟೋಗಳೆಲ್ಲ ಕಂಪನಿಗಳ ಜೊತೆಗೇ ಮುಳುಗಿದವು. ಉಗುರಗಲದ ಮೆಮೊರಿ ಕಾರ್ಡುಗಳು ಮಾತ್ರ ಅಲ್ಲೊಂದು ಇಲ್ಲೊಂದು ಉಳಿದಿವೆ. ನಿಮ್ಮದು ನಮ್ಮ ಮನೆಯ ಹಳೇ ಕುಂಕುಮದ ಡಬ್ಬಿಯಲ್ಲಿ ಸಿಕ್ಕಿತು. ಆ ದಿನ ನಾನು ಊಟ ಬಿಟ್ಟು ಕುಣಿದೆ.

ಮೊದಲ ಫೈಲು ಅಂಗಡಿಯ ವಿಡಿಯೋ. ದಪ್ಪ ಮೀಸೆಯ ಅಂಗಡಿಯವನು, ಪಕ್ಕದಲ್ಲಿ ಎರಡು ಕಾರ್ಡು. ಒಂದು ಸೀಲ್ ಮಾಡಿದ ಪ್ಯಾಕಿನದು, ಚಿಕ್ಕದು. ಇನ್ನೊಂದು ಬಿಡಿ ಕಾರ್ಡು, ಮೇಲೆ ದೊಡ್ಡ ಅಂಕಿ. ಅಂಥದ್ದೇ ಮತ್ತೊಂದು, ಅಂದರೆ ನನಗೆ ಸಿಕ್ಕ ಈ ಕಾರ್ಡು, ಪರೀಕ್ಷೆಗೆಂದು ಆಗಲೇ ನಿಮ್ಮ ಕ್ಯಾಮೆರಾದಲ್ಲಿದೆ. ಕ್ಯಾಮೆರಾ ಹಿಡಿದವರು ನೀವು, ನಿಮ್ಮದು ಬರೀ ದನಿ ಕೇಳುತ್ತದೆ, ಮುಖ ಇಲ್ಲ.

"ಮಹಾನಂದಾ ಅಕ್ಕಾರ, ದೊಡ್ಡದ ತಗೋರಿ. ನಿಮ್ ಮೊಮ್ಮಕ್ಕಳ ಮದುವಿ ತನಕ ಎಲ್ಲಾ ಹಿಡಿತೈತಿ."

"ಮೊದ್ಲ ಮಗಳಿಗೆ ಗಂಡು ಸಿಗ್ಲಿ ತಡೀರಿ!"

"ಕೊಡ್ರಿ ಕ್ಯಾಮೆರಾ, ನಿಮ್ದೊಂದು ಫೋಟೋ ತಗದು ತೋರಸ್ತೀನಿ."

"ಅಯ್ಯ, ನಂದ್ಯಾಕ? ತಲಿ ಸೈತ ಬಾಚಿಲ್ಲ. ನಿಮ್ಮ ಮಾರೀನ ಚಲೋ ಬರಾಕತ್ತೈತಿ, ಹಂಗ ನಿಂದರ್ರಿ."

ಆಮೇಲೆ ಒಂದು ತಟ್ಟೆ ಗಿರಮಿಟ್ಟು, ಒಂದು ಎಮ್ಮೆ, ನೀರಿನ ಟ್ಯಾಂಕರು. ಅಲ್ಲಿಗೆ ಮುಗಿಯಿತು. ನಂತರ ಸಾಲುಸಾಲು ಫೈಲುಗಳ ಹೆಸರಿದೆ, ತೆರೆದರೆ ಬರೀ ಬೂದುಬಣ್ಣ. ಆ ಕಾರ್ಡು ನಕಲಿ, ಅಜ್ಜಿ. ಮೇಲೆ ಬರೆದಷ್ಟು ಜಾಗ ಒಳಗೆ ಇರಲೇ ಇಲ್ಲ. ತುಂಬಿದ ಮೇಲೂ ಅದು ಸುಮ್ಮನೆ ಹೂಂ ಎನ್ನುತ್ತಿತ್ತು, ನೀವು ತೆಗೆಯುತ್ತಲೇ ಹೋದಿರಿ. ಮಗಳ ಮದುವೆಯಲ್ಲಾದರೂ ತಲೆ ಬಾಚಿ ನಿಂತಿದ್ದಿರೇನೋ. ಅದೂ ಬೂದಿ.

ಆನೆಸ್ಟ್ಲಿ, ನನಗೆ ನಿಮ್ಮ ಮೇಲೆ ಸಿಟ್ಟಿದೆ. ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು ಫೋಟೋ ತೆಗೆಯುವವರಿಗೆ ಅಷ್ಟು ದೊಡ್ಡ ಕಾರ್ಡು ಯಾಕೆ ಬೇಕಿತ್ತು? ಚಿಕ್ಕದು ಧಾರಾಳವಾಗಿ ಸಾಕಿತ್ತು. ಸೀಲ್ ಇರುವುದನ್ನೇ ಕೊಳ್ಳಿ. ನಿಮ್ಮ ಕ್ಯಾಮೆರಾ ಯಾವ ಅಳತೆಯ ತನಕ ಓದುತ್ತದೆಂದು ಕೇಳಿಕೊಳ್ಳಿ. ಮನೆಗೆ ತಂದು ಒಮ್ಮೆ ಪೂರ್ತಿ ತುಂಬಿಸಿ, ಕೊನೆಯ ಫೋಟೋ ತೆರೆದು ನೋಡಿ. ಹಬ್ಬ ಮುಗಿದ ಕೂಡಲೇ ಫೋಟೋಗಳನ್ನು ಇನ್ನೊಂದು ಕಡೆಗೂ ಹಾಕಿಸಿಡಿ. ಇಷ್ಟೂ ಅಂಗಡಿಯವನಿಗೆ ಗೊತ್ತಿತ್ತು. ಹೇಳಲಿಲ್ಲ.

ನಾಳೆ ಗೋಡೆಯ ದಿನ. ಖಾಲಿ ಎನ್ನಿಸಿಕೊಳ್ಳುವ ಧೈರ್ಯ ನನಗಿಲ್ಲ. ಅದಕ್ಕೇ ನಿಮ್ಮ ಹೆಸರು ಬರೆದು ಆ ಅಂಗಡಿಯವನ ಮುಖವನ್ನೇ ಚೌಕಟ್ಟಿಗೆ ಹಾಕಿದ್ದೇನೆ. ರೂಮಿನ ಜೆಬೀನಾ ನೋಡಿ, "ನಿಮ್ಮಜ್ಜಿಗೆ ಮೀಸೆ ಚೆನ್ನಾಗಿ ಒಪ್ಪುತ್ತೆ ಕಣೇ" ಎಂದಳು. ನಾನೂ ನಕ್ಕೆ. ಬಚ್ಚಲಿಗೆ ಹೋಗಿ ಅತ್ತೆ.

ಕಾರ್ಡು ಯಾವುದಾದರೂ ಕೊಳ್ಳಿ, ಹೋಗಲಿ. ಅವನು ಕ್ಯಾಮೆರಾ ಕೇಳಿದಾಗ ಮಾತ್ರ ಕೊಟ್ಟುಬಿಡಿ. ಮೊದಲ ಫೋಟೋಗಳಿಗೆ ಆ ನಕಲಿ ಕಾರ್ಡಿನಲ್ಲೂ ಜಾಗ ಇತ್ತು ಅಜ್ಜಿ. ತಲೆ ಬಾಚದಿದ್ದರೂ ನಡೆಯುತ್ತಿತ್ತು.

ನಿಮ್ಮ ಮುಖ ಕಾಣದ,
ಮೇಧಿನಿ