ಕಂದು ಕಿವಿಯ ಮರಿ

ಅಕ್ಕಾ,

ಇವತ್ತು ಬೆಳಿಗ್ಗೆ ಕೊನೆಯ ಮರಿಯನ್ನು ನೋಡಲು ಗಂಡ ಹೆಂಡತಿ ಇಬ್ಬರು ಬಂದಿದ್ದರು. ಐದು ಮರಿಗಳಲ್ಲಿ ನಾಲ್ಕು ಮಾರಾಟವಾಗಿ ಹೋಗಿವೆ. ಉಳಿದದ್ದು ಹೆಣ್ಣು, ಕಂದು ಕಿವಿಯದ್ದು, ನೀನು ಕೇಳಿದ್ದಂಥದ್ದೇ.

ಅದು ಊಟ ಮಾಡುತ್ತಿತ್ತು. ಸ್ಪ್ಯಾನಿಯಲ್ ಜಾತಿಯ ನಾಯಿಯ ಊಟ ನಿನಗೆ ಗೊತ್ತಲ್ಲ, ಬಾಯಿಗಿಂತ ಮೊದಲು ಕಿವಿ ಬಟ್ಟಲಿಗಿಳಿಯುತ್ತದೆ. ನಾವು ಚಿಕ್ಕವರಿದ್ದಾಗ ಪಕ್ಕದ ಮನೆ ಡಾಕ್ಟರ ನಾಯಿಗೆ ನಿನ್ನ ಕೂದಲಿನ ಕ್ಲಿಪ್ ಹಾಕಿ ನೀನು ಕಿವಿ ಎತ್ತಿಕಟ್ಟುತ್ತಿದ್ದೆ, ನಾನು ಬಟ್ಟಲು ಹಿಡಿದು ಕೂರುತ್ತಿದ್ದೆ. "ಕಿವಿ ಉದ್ದ, ಬುದ್ಧಿ ಗಿಡ್ಡ. ನಾಯಿಗಲ್ಲ ಕಣೋ, ನಿನಗೇ ಹೇಳಿದ್ದು" ಎಂದು ನೀನು ರೇಗಿಸುತ್ತಿದ್ದೆ. ಅಂದು ಹಿಡಿದ ಬಟ್ಟಲನ್ನು ನಾನಿನ್ನೂ ಕೆಳಗಿಟ್ಟಿಲ್ಲ. ಈಗ ಅದಕ್ಕೆ ಕಸುಬು ಅನ್ನುತ್ತೇನೆ, ಅಷ್ಟೇ.

ನೀನು ಮರಿ ಕೇಳಿದಾಗಲೆಲ್ಲ "ಮುಂದಿನ ಸಲ" ಎಂದು ನಾನು ಹೇಳಿದೆ. ಮೂರು ಸಲ ಹೇಳಿದೆ. ಕಾಯುವವರ ಪಟ್ಟಿ ಉದ್ದವಿತ್ತು. ನೀನು ಮನೆಯವಳು, ಕಾಯುತ್ತೀಯ ಅಂದುಕೊಂಡೆ. ನೀನು ತೀರಿಹೋಗಿ ಏಳು ತಿಂಗಳಾಯಿತು.

"ಇದೇನ್ರೀ, ನಾಯಿಮರಿಗೆ ಕ್ಲಿಪ್ ಹಾಕಿದೀರಾ!" ಎಂದು ಮರಿ ನೋಡಲು ಬಂದಾಕೆ ನಕ್ಕರು. ಆ ಕ್ಲಿಪ್ ನಿನ್ನದೇ, ಹಳೇ ಡಬ್ಬಿಯಲ್ಲಿ ಸಿಕ್ಕಿತ್ತು.

"ಕಿವಿ ಊಟಕ್ಕೆ ಬೀಳುತ್ತೆ, ಅದಕ್ಕೆ."

"ನಮಗೆ ಇದೇ ಇರ್ಲಿ."

"ಇದು ಆಗಲ್ಲಮ್ಮ. ನಮ್ಮಕ್ಕನಿಗೆ ಅಂತ ಇಟ್ಟಿದೀನಿ."

"ಅವರು ಯಾವಾಗ ಬರ್ತಾರೆ?"

"ಮುಂದಿನ ಸಲ ನಿಮಗೇ ಕೊಡ್ತೀನಿ" ಅಂದೆ. ಅವರೂ ನಿನ್ನ ಹಾಗೆಯೇ "ಆಯ್ತು, ಪರವಾಗಿಲ್ಲ" ಅಂದು ಹೊರಟರು.

ಮರಿ ಬಟ್ಟಲು ನೆಕ್ಕಿ ಮುಗಿಸಿತು. ಕ್ಲಿಪ್ ತೆಗೆದು ನೋಡಿದೆ. ಕಿವಿ ಒದ್ದೆಯಾಗಿಲ್ಲ.