ಹೂಂ ಎನ್ನಲು ಒಬ್ಬರು ಬೇಕು

ಸಿಬ್ಬಂದಿ ತರಬೇತಿ ಮತ್ತು ಕಾರ್ಯಕ್ಷಮತೆ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ನಮ್ಮ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಒಬ್ಬ ಹುಡುಗಿ ಮುಂದಿನ ವಾರ ಕೆಲಸ ಕಳೆದುಕೊಳ್ಳಲಿದ್ದಾಳೆ. ತಪ್ಪು ಆಗಿದ್ದು ಅವಳ ಕೈಯಿಂದ, ಆಗುವಂತೆ ಮಾಡಿದ್ದು ತಾವು. ಇದನ್ನು ತಮ್ಮ ಆನ್‌ಲೈನ್ ಸಲಹೆ ಪೆಟ್ಟಿಗೆಯಲ್ಲಿ ಹಾಕಿ ನೋಡಿದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು. ಅಷ್ಟು ಬೇಗ ಓದುವವರು ಮನುಷ್ಯರಾಗಿರಲಾರರು ಎಂದುಕೊಂಡು ಈಗ ಊರೆಲ್ಲ ಓದುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ತಾವು ಬರುವ ಮುಂಚೆ ನಮ್ಮಲ್ಲೊಂದು ರೂಢಿ ಇತ್ತು. ದೂರಿಗೆ ಉತ್ತರ ಬರೆದವರು ಅದನ್ನು ಕಳುಹಿಸುವ ಮೊದಲು ಪಕ್ಕದ ಕುರ್ಚಿಯವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಯಾರೂ ಹೊರಡಿಸಿದ ಆದೇಶವಲ್ಲ ಅದು, ಹಾಗೇ ನಡೆದುಕೊಂಡು ಬಂದದ್ದು. ನಾನು ಕೆಲಸಕ್ಕೆ ಸೇರಿದಾಗ ನನ್ನ ಪಕ್ಕದಲ್ಲಿದ್ದ ಹಿರಿಯ ಗುಮಾಸ್ತರನ್ನು ಎಲ್ಲರೂ 'ಹೂಂ ಸಾರ್' ಎನ್ನುತ್ತಿದ್ದರು. ಅವರು ಕಣ್ಣು ಮುಚ್ಚಿಕೊಂಡು, ಮಕ್ಕಳು ಕಥೆ ಕೇಳುವ ಹಾಗೆ, ವಾಕ್ಯಕ್ಕೊಂದು ಹೂಂ ಹಾಕುತ್ತಿದ್ದರು. ಯಾವ ವಾಕ್ಯಕ್ಕೆ ಹೂಂ ಬರಲಿಲ್ಲವೋ ಅದನ್ನು ನಾನು ತಿದ್ದಬೇಕು. ಒಮ್ಮೆ ರೇಗಿ, "ಏನ್ ತಪ್ಪಿದೆ ಅಂತ ಬಾಯಿಬಿಟ್ಟು ಹೇಳಿ ಸಾರ್" ಎಂದಿದ್ದೆ. "ತಪ್ಪೇನಿಲ್ಲಮ್ಮ. ದೂರು ಕೊಟ್ಟೋರ ಮನೇಲಿ ಕೂತ ಹಾಗೆ ಕೇಳ್ದೆ, ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಬರಿ" ಎಂದರು. ನನ್ನ ತರಬೇತಿ ಅಷ್ಟೇ. ಪ್ರಮಾಣಪತ್ರ ಕೊಡಲಿಲ್ಲ.

ಓದುವ ನೆಪದಲ್ಲಿ ಹರಟೆಯೂ ನಡೆಯುತ್ತಿತ್ತು, ಸುಳ್ಳೇಕೆ ಹೇಳಲಿ? ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಮೇಲಧಿಕಾರಿಗಳು ಕೂದಲಿಗೆ ಯಾವ ಬಣ್ಣ ಹಚ್ಚುತ್ತಾರೆ, ಎಲ್ಲವೂ ನಮ್ಮ ವಿಭಾಗದಲ್ಲೇ ತೀರ್ಮಾನವಾಗುತ್ತಿತ್ತು. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ಯುವುದೇ? ತಾವು 'ಏಕಾಗ್ರತಾ ಕಾರ್ಯಕ್ರಮ' ತಂದಿರಿ. ಮೇಜುಗಳ ನಡುವೆ ತಲೆಯೆತ್ತರದ ಬೂದು ಹಲಗೆಗಳು ಎದ್ದವು. ಎಲ್ಲರ ಕಿವಿಗೂ ಹೆಡ್‌ಫೋನ್ ಬಂತು. ಕಲಿಯುವುದೆಲ್ಲ ಪರದೆಯ ಮೇಲೆ, ಪಾಠ ಮುಗಿದ ಮೇಲೆ ಪ್ರಶ್ನೆಗಳು, ಪ್ರಶ್ನೆಗಳಿಗೆ ಅಂಕ. ಪಕ್ಕದವರನ್ನು ಏನಾದರೂ ಕೇಳಿದರೆ ಅದಕ್ಕೆ 'ಪರಾವಲಂಬನೆ' ಎಂದು ಹೆಸರಿಟ್ಟು ಅಂಕ ಕಡಿತ. ಹೂಂ ಸಾರ್ ನಿವೃತ್ತಿಗೆ ಇನ್ನೂ ಸಮಯವಿದ್ದರೂ ಮೊದಲೇ ಬಿಟ್ಟು ಹೋದರು. "ನಂಗೆ ಕೇಳೋ ಕೆಲ್ಸ ಒಂದೇ ಬರೋದು ಕಣಮ್ಮ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈಗ ಆ ಹುಡುಗಿಯ ವಿಷಯ. ತಮ್ಮ ಪಾಠಗಳಲ್ಲಿ ಅವಳದು ಯಾವಾಗಲೂ ಮೇಲಿನ ಅಂಕ. ಒಬ್ಬರು ಬರೆದಿದ್ದರು: ತಾಯಿ ತೀರಿಕೊಂಡಿದ್ದಾರೆ, ನೀರಿನ ಸಂಪರ್ಕ ಅವರ ಹೆಸರಿನಲ್ಲಿದೆ, ನನ್ನ ಹೆಸರಿಗೆ ಮಾಡಿಕೊಡಿ. ಹೆಸರು ಬದಲಾವಣೆಗೆ ತಮ್ಮ ಪರದೆಯಲ್ಲಿ ಒಂದೇ ಸಿದ್ಧ ಉತ್ತರವಿದೆ. ಹುಡುಗಿ ಖಾಲಿ ಜಾಗಗಳನ್ನು ತುಂಬಿ, ನಿಗದಿತ ಸಮಯಕ್ಕೆ ಮುಂಚೆಯೇ ಕಳುಹಿಸಿದಳು: 'ತಮ್ಮ ತಾಯಿಯವರು ಗುರುತಿನ ಚೀಟಿಯೊಂದಿಗೆ ಖುದ್ದು ಹಾಜರಾಗಿ ಒಪ್ಪಿಗೆ ನೀಡತಕ್ಕದ್ದು.'

ಮಾನ್ಯರೇ, ಒಮ್ಮೆ ಗಟ್ಟಿಯಾಗಿ ಓದಿ. ತಮ್ಮ ಕೋಣೆಯ ಬಾಗಿಲು ಹಾಕಿಕೊಂಡೇ ಓದಿ. ನಾಲಿಗೆ 'ಖುದ್ದು' ದಾಟುತ್ತದೆಯೇ?

ಆ ಮನುಷ್ಯ ಉತ್ತರವನ್ನು ಹಿಡಿದುಕೊಂಡು ಕೌಂಟರಿಗೆ ಬಂದರು. ಕೂಗಾಡಿದ್ದರೆ ನಮಗೆ ಸುಲಭವಾಗುತ್ತಿತ್ತು. ಮೆಲ್ಲಗೆ, "ಎಲ್ಲಿಂದ ಕರ್ಕೊಂಡ್ ಬರ್ಲಿ, ಅದೊಂದ್ ಹೇಳಿಬಿಡಿ" ಎಂದರು. ಆಮೇಲೆ ಹುಡುಗಿ ಮೆಟ್ಟಿಲ ಬಳಿ ಅಳುತ್ತಾ ನಿಂತು ನನಗೆ ಹೇಳಿದಳು: "ಅಕ್ಕಾ, ನಂಗೆ ಏನೋ ಸರಿಯಿಲ್ಲ ಅನ್ನಿಸ್ತು. ನಿಮ್ಮನ್ನ ಕೇಳೋಣ ಅಂತ ಎದ್ದೂ ಇದ್ದೆ. ಆದ್ರೆ ಈ ವಾರ ಆಗ್ಲೇ ಕೇಳಿ ಕೇಳಿ ಅಂಕ ಹೋಗಿತ್ತು. ಇನ್ನೂ ಹೋದ್ರೆ ಕೆಲ್ಸ ಕಾಯಂ ಆಗಲ್ಲ ಅಂತ ಕೂತ್ಬಿಟ್ಟೆ."

ಎದ್ದವಳನ್ನು ಕೂರಿಸಿದ್ದು ಯಾರು? ಆಕೆಗೆ ಬುದ್ಧಿಯೂ ಇತ್ತು, ಕನಿಕರವೂ ಇತ್ತು. ಎರಡೂ ಇದ್ದದ್ದಕ್ಕೇ ಎದ್ದಳು. ತಾವು ಅವಳಿಗೆ ಸೂಚಿಸಿದ ಮದ್ದು ಇನ್ನಷ್ಟು ಪಾಠಗಳು. ಅದರಲ್ಲೊಂದರ ಹೆಸರು 'ಸಹಾನುಭೂತಿ: ಭಾಗ ಎರಡು'. ಅದನ್ನೂ ಒಬ್ಬಳೇ, ಹೆಡ್‌ಫೋನ್ ಹಾಕಿಕೊಂಡು, ಗೋಡೆಗೆ ಮುಖ ಮಾಡಿ ನೋಡಬೇಕು. ಮುಂದಿನ ವಾರ ತಮ್ಮ ಪರಿಶೀಲನಾ ಸಮಿತಿ ಈ ತಪ್ಪನ್ನೂ ಕಡಿತವಾದ ಅಂಕಗಳನ್ನೂ ನೋಡಿ ಅವಳನ್ನು ಮನೆಗೆ ಕಳುಹಿಸುತ್ತದೆ ಎಂದು ಮೇಲ್ವಿಚಾರಕರೇ ಹೇಳಿದ್ದಾರೆ. ಅವರು ಒಳ್ಳೆಯವರು, ಆದರೆ ಅವರ ಮೇಜಿನ ಸುತ್ತಲೂ ಆ ಹಲಗೆ ಇದೆ.

ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ಮನೆಯಲ್ಲಿ ನಾನೊಬ್ಬಳೇ. ತಂಗಿ ಬಿಡುವಾದಾಗ ಫೋನ್ ಮಾಡುತ್ತಾಳೆ, ಅವಳಿಗೆ ಬಿಡುವಾಗುವುದು ಅಪರೂಪ. ಮೊನ್ನೆ ಸಂಜೆ ಮನೆಗೆ ಹೋಗುವಾಗ ಹಣ್ಣಿನವನ ಹತ್ತಿರ ಬಾಳೆಹಣ್ಣು ಕೇಳಿದೆ. "ಏನಮ್ಮಾ, ಗಂಟಲು ಕಟ್ಟಿದ್ಯಾ?" ಎಂದ. ಗಂಟಲಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆಯಿಂದ ನಾನು ಬಾಯಿ ತೆರೆದದ್ದು ಅದೇ ಮೊದಲು. ತುಂಬಿದ ಕಚೇರಿಯಲ್ಲಿ ದಿನವಿಡೀ ಕೂತು ಬಂದವಳ ದನಿ ಅದು. ದಾರಿಯುದ್ದಕ್ಕೂ ಅಳು ಬಂತು, ನಾಚಿಕೆಯೂ ಆಯಿತು. ಆ ವಾರವೇ ತಮ್ಮ ವಿಭಾಗದಿಂದ ನನಗೆ ಉತ್ತಮ ಸಾಧಕಿ ಎಂಬ ಅಭಿನಂದನೆ ಬಂದಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಹುಡುಗಿಯನ್ನು ತೆಗೆಯಬೇಡಿ. ಕೇಳಿದ್ದಕ್ಕೆ ಅಂಕ ಕಡಿಯುವ ನಿಯಮವನ್ನು ತೆಗೆಯಿರಿ. ಪಾಠಗಳು ಇರಲಿ, ಅವುಗಳಲ್ಲಿ ಕೆಲವು ಚೆನ್ನಾಗಿಯೂ ಇವೆ. ಆದರೆ ಹೊಸಬರ ಪಕ್ಕದಲ್ಲಿ ಒಂದು ಕುರ್ಚಿ ಇರಲಿ, ಅದರಲ್ಲಿ ಒಬ್ಬರು ಇರಲಿ. ತಾವು ಒಪ್ಪುವವರೆಗೆ ನಾನು ಕಾಯುವುದಿಲ್ಲ. ಸೋಮವಾರ ಬೆಳಿಗ್ಗೆ ನನ್ನ ಕುರ್ಚಿ ಎಳೆದುಕೊಂಡು ಹೋಗಿ ಅವಳ ಪಕ್ಕ ಕೂರುತ್ತೇನೆ. ಕಡಿಯುವುದಿದ್ದರೆ ನನ್ನ ಅಂಕ ಕಡಿಯಿರಿ, ಬೇಕಾದಷ್ಟಿವೆ.

ಅವಳಿಗೋಸ್ಕರ ಬರೆದೆ ಎಂದು ತಾವು ತಿಳಿದರೆ ಅದು ಅರ್ಧ ಸತ್ಯ. ಅವಳಿಗೆ ಕೇಳಲು ಒಬ್ಬರು ಬೇಕು. ನನ್ನನ್ನು, ದಿನಕ್ಕೊಂದು ಸಲವಾದರೂ, ಯಾರಾದರೂ ಏನಾದರೂ ಕೇಳಬೇಕು.

ಇಂತಿ,
'ಸಂವಹನ ಕೌಶಲ'ದಲ್ಲಿ ನೂರಕ್ಕೆ ನೂರು ಪಡೆದು,
ಇವತ್ತೂ ಯಾರೊಡನೆಯೂ ಮಾತಾಡದ
ತಮ್ಮ ಉತ್ತಮ ಸಾಧಕಿ